ಒಂಬತ್ತು ಜನ, ಹತ್ತು ಟಿಕೆಟ್

ಇವತ್ತು ಒಂದು ದಿನ ರಾಜಕೀಯ ಪಕ್ಕಕ್ಕಿಡೋಣ. ವಿಧಾನಸೌಧ ಎಲ್ಲೂ ಓಡಿಹೋಗಲ್ಲ, ನಾಳೆನೂ ಅಲ್ಲೇ ಇರುತ್ತೆ. ಇವತ್ತು ನಾನು ಮಾತಾಡೋದು ಒಂದು ಹಡಗಿನ ಬಗ್ಗೆ. ಸರಿಯಾಗಿ ಹೇಳಬೇಕೆಂದರೆ, ಆ ಹಡಗಿನಲ್ಲಿ ನಮ್ಮ ಅಮ್ಮನ ಹೆಸರಿಗೆ ಬಂದ ಒಂದು ಬಿಲ್ಲಿನ ಬಗ್ಗೆ.

ಹೋದ ವಾರ ಫ್ಲೋರಿಡಾದಿಂದ ನಮ್ಮಕ್ಕ ಒಂದು ಲಿಂಕ್ ಕಳಿಸಿದಳು. ಜೊತೆಗೆ ಒಂದು ಸಾಲು: "ದಿನಾ ರಾತ್ರಿ ಟೀವಿಲಿ ಕೂತು ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲ, ಇದನ್ನೂ ನೀನೇ ತುಂಬು." ತೆರೆದು ನೋಡಿದರೆ ಕ್ರೂಸ್ ಕಂಪನಿಯ ಪ್ರಶ್ನಾವಳಿ. ಊಟಕ್ಕೆ ಹತ್ತಕ್ಕೆ ಎಷ್ಟು ಕೊಡ್ತೀರಿ, ಕೋಣೆಗೆ ಎಷ್ಟು, ಮಕ್ಕಳ ಕ್ಲಬ್ಬಿಗೆ ಎಷ್ಟು. ಎಲ್ಲಾ ಮುಗಿದ ಮೇಲೆ ಕೊನೆಗೊಂದು ಖಾಲಿ ಚೌಕ. ನಮ್ಮ ಸೇವೆ ಇನ್ನೂ ಚೆನ್ನಾಗಬೇಕಾದರೆ ಏನು ಮಾಡಬೇಕು? 500 ಅಕ್ಷರ ಮೀರುವಂತಿಲ್ಲ.

500 ಅಕ್ಷರ! ನಮ್ಮ ಚಾನೆಲ್ಲಿನಲ್ಲಿ ಕೆಳಗೆ ಓಡೋ ಸ್ಕ್ರೋಲೇ ಅದಕ್ಕಿಂತ ಉದ್ದ ಇರುತ್ತೆ.

ಅಕ್ಕನ ಮನೆಯವರು ಈ ಹಡಗುಗಳಲ್ಲಿ ಹನ್ನೊಂದು ಸಲ ಹೋಗಿದ್ದಾರೆ. ಅವರ ಮನೆಯಿಂದ ಬಂದರಿಗೆ ಕಾರಿನಲ್ಲಿ ಒಂದೂವರೆ ಗಂಟೆ ದಾರಿ. ನಮಗೆ ಧರ್ಮಸ್ಥಳ ಹೇಗೋ ಅವರಿಗೆ ಕೆರಿಬಿಯನ್ ಹಾಗೆ. ರಜೆ ಬಂತು, ಹೊರಟರು. ನಾನು ಹೋಗಿದ್ದು ಮೂರು ಸಲ. ಅಮ್ಮ ಬಂದಿದ್ದು ಇದೇ ಮೊದಲು. ಕಂಪನಿಯ ಹೆಸರು ನಾನು ಹೇಳಲ್ಲ. ಹೆದರಿಕೆಯಿಂದಲ್ಲ. ಇದು ಒಂದು ಕಂಪನಿಯ ತಪ್ಪಲ್ಲ, ಇಡೀ ಉದ್ಯಮ ನಡೆಯೋದೇ ಹೀಗೆ.

ನಿಮಗ್ಯಾಕೆ ಈ ಕಥೆ ಅಂತ ಕೇಳಬಹುದು. "ಸಾರ್, ನಮ್ಮೂರಿಗೆ ಬಸ್ಸೇ ನೆಟ್ಟಗೆ ಬರಲ್ಲ, ನೀವು ಹಡಗಿನ ಕಥೆ ಹೇಳ್ತೀರಲ್ಲ" ಅಂತ ಒಬ್ಬರಾದರೂ ಮೆಸೇಜ್ ಹಾಕೇ ಹಾಕ್ತೀರಿ. ನ್ಯಾಯವಾದ ಮಾತು. ಆದರೆ ಒಂದು ವಿಷಯ ನೋಡಿ. ಡಿಸ್ನಿ ಕಂಪನಿ ಸಿಂಗಾಪುರಕ್ಕೆ ಅಂತಲೇ ಒಂದು ಹಡಗು ಇಟ್ಟಿದೆ, ಹೆಸರು ಡಿಸ್ನಿ ಅಡ್ವೆಂಚರ್. ಜರ್ಮನಿಯಲ್ಲಿ ಬೇರೊಂದು ಕಂಪನಿಗಾಗಿ ಕಟ್ಟುತ್ತಿದ್ದ ಹಡಗು ಅದು. ಆ ಕಂಪನಿ ದಿವಾಳಿ ಎದ್ದಿತು, 2022ರಲ್ಲಿ ಡಿಸ್ನಿ ಕೊಂಡುಕೊಂಡಿತು. ಸುಮಾರು 6,700 ಪ್ರಯಾಣಿಕರು ಹಿಡಿಸುವ ಹಡಗು. 2025ರ ಡಿಸೆಂಬರ್‌ನಲ್ಲಿ ಹೊರಡಬೇಕಿತ್ತು, 2026ರ ಮಾರ್ಚ್‌ಗೆ ಮುಂದೂಡಿದರು. ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನದಲ್ಲಿ ನಾಲ್ಕೂವರೆ ಗಂಟೆ. ಮೂರು ರಾತ್ರಿ, ನಾಲ್ಕು ರಾತ್ರಿಯ ಪ್ರವಾಸ. ಬೆಂಗಳೂರಿನ ಟ್ರಾವೆಲ್ ಏಜೆಂಟರು ಇದನ್ನು ಯಾರಿಗೆ ಮಾರ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಕ್ರೂಸ್ ಭಾರತ್ ಮಿಷನ್ ಅಂತ ಶುರು ಮಾಡಿದೆ. 2029ರೊಳಗೆ ಕ್ರೂಸ್ ಪ್ರಯಾಣಿಕರ ಸಂಖ್ಯೆ ದುಪ್ಪಟ್ಟು ಮಾಡೋ ಗುರಿ. ಅಂದರೆ ಇನ್ನು ಐದಾರು ವರ್ಷದಲ್ಲಿ ನಿಮ್ಮ ಮನೆಯಿಂದಲೋ ಪಕ್ಕದ ಮನೆಯಿಂದಲೋ ಯಾರೋ ಒಬ್ಬರು ಅಪ್ಪ ಅಮ್ಮನ್ನ ಕರ್ಕೊಂಡು ಹಡಗು ಹತ್ತೇ ಹತ್ತುತ್ತಾರೆ. ನಾವು ಒಬ್ಬರೇ ಹೋಗೋ ಜನ ಅಲ್ಲ. ಇಡೀ ಮನೆ ಹೊರಡುತ್ತೆ.

ಸಮಸ್ಯೆ ಶುರುವಾಗೋದೇ ಅಲ್ಲಿ.

ನಾವು ಹೊರಟಿದ್ದು ಒಂಬತ್ತು ಜನ. ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಒಂದು ಕೋಣೆ. ನಾನು, ನನ್ನ ಹೆಂಡತಿ, ನಮ್ಮ ಇಬ್ಬರು ಮಕ್ಕಳು ಇನ್ನೊಂದು ಕೋಣೆ. ಒಂಬತ್ತನೆಯವರು ಅಮ್ಮ. ಕೋಣೆಗೆ ನಾಲ್ಕೇ ಜನ. ಅಪ್ಪ ತೀರಿಕೊಂಡು ಮೂರು ವರ್ಷ ಆಯ್ತು. ಅಮ್ಮನಿಗೆ ವೀಸಾ ತಡವಾಗಿ ಸಿಕ್ಕಿತು. ಹಾಗಾಗಿ ಅವರ ಕೋಣೆ ಕೊನೆಯಲ್ಲಿ ಬುಕ್ ಆಯಿತು.

ಬಿಲ್ ನೋಡಿದರೆ ಅಮ್ಮನಿಗೆ ಎರಡು ಟಿಕೆಟ್ಟಿನ ದುಡ್ಡು.

ನಾನು ತಪ್ಪಾಗಿದೆ ಅಂದುಕೊಂಡೆ. ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು ತುಂಬಾ ಸೌಜನ್ಯದಿಂದ ವಿವರಿಸಿದರು. ಹಡಗಿನಲ್ಲಿ ದರ ಅಂದರೆ ಒಂದು ಕೋಣೆಯಲ್ಲಿ ಇಬ್ಬರು ಅಂತ ಲೆಕ್ಕ ಹಾಕಿ ತಲೆಗೆ ಇಷ್ಟು ಅಂತ. ಜಾಹೀರಾತಿನಲ್ಲಿ ಒಬ್ಬರಿಗೆ 1,000 ಡಾಲರ್ ಅಂತ ಇದ್ದರೆ ಆ ಕೋಣೆಯ ಬೆಲೆ 2,000 ಡಾಲರ್. ಇಬ್ಬರು ಇದ್ದರೂ ಅಷ್ಟೇ, ಒಬ್ಬರೇ ಇದ್ದರೂ ಬಹುತೇಕ ಅಷ್ಟೇ. ಮೂರನೆಯವರು, ನಾಲ್ಕನೆಯವರು ಅದೇ ಕೋಣೆಗೆ ಬಂದರೆ ಅವರಿಗೆ ಸಾಮಾನ್ಯವಾಗಿ ಕಡಿಮೆ ದರ. ಒಬ್ಬರೇ ಹೋದರೆ ಮಾತ್ರ ದಂಡ. ಅದಕ್ಕೆ ಇವರು ಇಟ್ಟಿರೋ ಹೆಸರು ಸಿಂಗಲ್ ಸಪ್ಲಿಮೆಂಟ್.

ಬಿಲ್ಲನ್ನು ಸಾಲು ಸಾಲಾಗಿ ಓದಿದೆ. ಇಂಜಿನಿಯರಿಂಗ್ ಓದಿದ್ದಕ್ಕೆ ಇದೊಂದು ಚಟ ಉಳಿದಿದೆ. ಕೋಣೆಯ ದರ ಎರಡು. ಸರ್ಕಾರದ ತೆರಿಗೆ ಮತ್ತು ಬಂದರು ಶುಲ್ಕ ಮಾತ್ರ ಒಂದೇ. ಅದು ತಲೆ ಎಣಿಸಿ ಹಾಕೋದು ತಾನೆ, ಇರೋದು ಒಂದೇ ತಲೆ. ಅಂದರೆ ನಮ್ಮಪ್ಪ ಈ ಲೋಕದಲ್ಲಿ ಇಲ್ಲ ಅನ್ನೋದು ಅಮೆರಿಕದ ತೆರಿಗೆ ಇಲಾಖೆಗೆ ಗೊತ್ತಾಗಿತ್ತು. ಹಡಗಿನ ಕಂಪನಿಗೆ ಗೊತ್ತಾಗಿರಲಿಲ್ಲ.

ಅಮ್ಮನಿಗೆ ಇದನ್ನು ಹೇಳಬಾರದು ಅಂದುಕೊಂಡಿದ್ದೆವು. ಮಕ್ಕಳಿರೋ ಮನೆಯಲ್ಲಿ ಯಾವ ಗುಟ್ಟು ನಿಲ್ಲುತ್ತೆ? ಅಕ್ಕನ ಮಗ ಹೇಳಿಬಿಟ್ಟ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಪಕ್ಕದ ಹಾಸಿಗೆ ನಿಮ್ಮಪ್ಪಂದು ಅನ್ನು" ಅಂದರು. ನಕ್ಕೇ ಅಂದರು. ನಮಗೆ ನಗು ಬರಲಿಲ್ಲ.

ಕಂಪನಿಯ ಪರವಾಗಿ ಹೇಳೋದು ಏನೂ ಇಲ್ಲ ಅಂತಲ್ಲ. ಇದೆ. ಹೋಟೆಲ್ಲಿನವರೂ ಕೋಣೆಗೆ ತಾನೇ ದುಡ್ಡು ತಗೊಳ್ಳೋದು? ಒಬ್ಬರು ಮಲಗಿದರೂ ಎಸಿ ಓಡುತ್ತೆ, ಒಬ್ಬರಿಗೂ ಹಾಸಿಗೆ ಬದಲಿಸಬೇಕು. ಅಲ್ಲದೆ ಹಡಗಿನವರ ಲಾಭ ಬರೀ ಟಿಕೆಟ್ಟಿನಲ್ಲಿಲ್ಲ. ಹತ್ತಿದ ಮೇಲೆ ಫೋಟೋ, ಇಂಟರ್‌ನೆಟ್, ಪಾನೀಯ, ದಡದಲ್ಲಿ ಇಳಿದರೆ ಸುತ್ತಾಟ, ಎಲ್ಲದಕ್ಕೂ ಬೇರೆ ದುಡ್ಡು. ಎರಡನೆಯವರು ಬರದಿದ್ದರೆ ಆ ಖರ್ಚೂ ಬರಲ್ಲ. ಸರಿ, ಒಪ್ಪಿದೆ.

ಆದರೆ ಅವರದ್ದೇ ಲೆಕ್ಕದಲ್ಲಿ ನೋಡೋಣ ಬನ್ನಿ. ರಾಯಲ್ ಕೆರಿಬಿಯನ್ ಕಂಪನಿಯ ಐಕಾನ್ ಆಫ್ ದಿ ಸೀಸ್ ಅಂತ ಒಂದು ಹಡಗಿದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಓಡೋಕೆ ಶುರು ಮಾಡಿತು. 20 ಅಂತಸ್ತು, 7 ಈಜುಕೊಳ. ಅದರಲ್ಲಿ ಎಷ್ಟು ಜನ ಹಿಡಿಸುತ್ತಾರೆ? ಕೋಣೆಗೆ ಇಬ್ಬರಂತೆ ಎಣಿಸಿದರೆ 5,610. ಗೋಡೆಯಿಂದ, ಸೂರಿನಿಂದ ಇಳಿಯೋ ಹಾಸಿಗೆಗಳನ್ನೂ ತುಂಬಿಸಿದರೆ 7,600. ಒಂದೇ ಹಡಗು, ಎರಡು ಸಂಖ್ಯೆ. ಇವರ ಪುಸ್ತಕದಲ್ಲಿ ಕೋಣೆಗೆ ಇಬ್ಬರಾದರೆ ಹಡಗು ನೂರಕ್ಕೆ ನೂರು ತುಂಬಿದ ಹಾಗೆ. ಮಕ್ಕಳು ಮರಿ ಸೇರಿದರೆ ನೂರು ದಾಟುತ್ತೆ. ಅದಕ್ಕೇ ಈ ಕಂಪನಿಗಳ ವರದಿಗಳಲ್ಲಿ ಹಡಗುಗಳು ನೂರಕ್ಕಿಂತ ಹೆಚ್ಚು ತುಂಬಿದ್ದವು ಅಂತ ಬರೆದಿರುತ್ತೆ. ಓದಿದವರಿಗೆ ಮುದ್ರಣದೋಷ ಅನ್ನಿಸಬೇಕು, ದೋಷ ಅಲ್ಲ.

ಈಗ ನಮ್ಮ ಮನೆಗೆ ಬನ್ನಿ. ಮೂರು ಕೋಣೆ. ಕೋಣೆಗೆ ಇಬ್ಬರಂತೆ ಆರು ಜನ ಆದರೆ ನೂರಕ್ಕೆ ನೂರು. ನಾವು ಹೋಗಿದ್ದು ಒಂಬತ್ತು. ಅಂದರೆ ನೂರೈವತ್ತು. ನಮ್ಮಿಂದ ಹಡಗಿಗೆ ನಷ್ಟ ಎಲ್ಲಾಯ್ತು ಸ್ವಾಮಿ? ಆರು ಜನರ ಜಾಗದಲ್ಲಿ ಒಂಬತ್ತು ಜನರನ್ನು ತುಂಬಿಸಿಕೊಂಡು, ಹತ್ತು ಜನರ ದುಡ್ಡು ತಗೊಂಡರು. ಮೂರು ಕೋಣೆಯನ್ನೂ ಒಂದೇ ಕುಟುಂಬ ಅಂತ ಸೇರಿಸಿ ಎಣಿಸಿದ್ದರೆ ಅಮ್ಮನಿಗೆ ದಂಡ ಹಾಕೋ ಪ್ರಶ್ನೆಯೇ ಬರ್ತಿರಲಿಲ್ಲ.

"ಒಬ್ಬ ಮೊಮ್ಮಗನ್ನ ಅಜ್ಜಿ ಕೋಣೆಗೆ ಹಾಕಬಹುದಿತ್ತಲ್ಲ" ಅಂತ ಜಾಣರು ಕೇಳ್ತೀರಿ. ಕೇಳಬೇಕು. ಪದೇ ಪದೇ ಹೋಗೋರು ಮಾಡೋದೇ ಅದನ್ನ, ಅಕ್ಕನಿಗೂ ಗೊತ್ತಿತ್ತು. ಆದರೆ ನಮ್ಮ ಎರಡು ಕೋಣೆ ಬುಕ್ ಆಗಿ ತಿಂಗಳುಗಳಾಗಿತ್ತು. ಈಗ ಹುಡುಗನ ಹೆಸರು ತೆಗೆದು ಇನ್ನೊಂದು ಕೋಣೆಗೆ ಹಾಕಿದರೆ ಇವತ್ತಿನ ದರ ಅಂದರು. ಹಡಗು ಹೊರಡೋ ದಿನ ಹತ್ತಿರ ಬಂದ ಹಾಗೆ ದರ ಏರುತ್ತೆ. ಅವನಿಗೂ ಪೂರ್ತಿ ಟಿಕೆಟ್. ಲೆಕ್ಕ ಹಾಕಿದರೆ ಉಳಿಯೋದು ಅಷ್ಟರಲ್ಲೇ ಇತ್ತು. ಬಿಟ್ಟೆವು.

ಒಬ್ಬರಿಗೇ ಅಂತ ಕೋಣೆ ಕಟ್ಟೋಕಾಗಲ್ವಾ? ಆಗುತ್ತೆ. ಇಂಜಿನಿಯರಿಂಗ್‌ನಲ್ಲಿ ಅದು ದೊಡ್ಡ ಸಂಗತಿಯೇ ಅಲ್ಲ. ಇವತ್ತಿನ ಹಡಗುಗಳ ಕೋಣೆಗಳು ಕಾರ್ಖಾನೆಯಲ್ಲೇ ತಯಾರಾಗುತ್ತವೆ. ಬಚ್ಚಲು, ವೈರಿಂಗ್, ಕನ್ನಡಿ ಎಲ್ಲಾ ಸೇರಿ ಒಂದು ಡಬ್ಬಿ. ಆ ಡಬ್ಬಿಯನ್ನು ತಂದು ಹಡಗಿನ ಒಡಲಿಗೆ ಮೇಜಿನ ಡ್ರಾಯರ್ ತಳ್ಳಿದ ಹಾಗೆ ತಳ್ಳುತ್ತಾರೆ. ನಾರ್ವೇಜಿಯನ್ ಕಂಪನಿ 2010ರಲ್ಲಿ ಎಪಿಕ್ ಅನ್ನೋ ಹಡಗಿನಲ್ಲಿ ಒಬ್ಬೊಬ್ಬರೇ ಇರೋ 128 ಕೋಣೆ ಇಟ್ಟಿತು. ಸುಮಾರು 100 ಚದರ ಅಡಿಯ ಪುಟ್ಟ ಕೋಣೆ. ಹದಿನೈದು ವರ್ಷದ ಹಿಂದೆ ಒಬ್ಬರು ಮಾಡಿ ತೋರಿಸಿದ್ದಾರೆ. ಆದರೆ ಅಂಥ ಕೋಣೆಗಳನ್ನು ಕಟ್ಟಿದ್ದು ಒಂಟಿಯಾಗಿ ಸುತ್ತೋ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು. ಕುಟುಂಬದ ಜೊತೆಗೇ ಬಂದು, ರಾತ್ರಿ ಮಾತ್ರ ಒಬ್ಬರೇ ಮಲಗಬೇಕಾದ ಅಜ್ಜಿ ಯಾರ ಮನಸ್ಸಿಗೂ ಬಂದಿಲ್ಲ.

ದುಡ್ಡಿನ ಮಾತು ಇಲ್ಲಿಗೆ ಸಾಕು. ದುಡ್ಡು ಹೋದರೆ ಹೋಯ್ತು, ದುಡೀಬಹುದು. ನನಗೆ ನಿಜವಾಗಿ ಹೆದರಿಕೆ ಆಗಿದ್ದು ಹತ್ತಿದ ಮೇಲೆ.

ಮೊದಲ ಸಂಜೆ. ಅಮ್ಮನ ಕಾರ್ಡ್ ನೋಡಿದೆ. ಊಟದ ಸರದಿ ಎರಡನೆಯದು, ರಾತ್ರಿ ಎಂಟೂಕಾಲಕ್ಕೆ. ನಮ್ಮದು ಮೊದಲನೆಯದು, ಐದೂಮುಕ್ಕಾಲಕ್ಕೆ. ಅಂದರೆ ನಾವು ಎಂಟು ಜನ ಒಂದು ಮೇಜಿನಲ್ಲಿ ಉಂಡು ಎದ್ದ ಮೇಲೆ, ಅರವತ್ತೆಂಟು ವರ್ಷದ ನಮ್ಮ ಅಮ್ಮ ಗುರುತಿಲ್ಲದವರ ಜೊತೆ ಇನ್ನೊಂದು ಮೇಜಿನಲ್ಲಿ ಕೂತು ಉಣ್ಣಬೇಕು. ಇಂಗ್ಲಿಷ್ ಅಷ್ಟಕ್ಕಷ್ಟೆ. ಮೊಟ್ಟೆ ತಿನ್ನಲ್ಲ. ಯಾವುದರಲ್ಲಿ ಮೊಟ್ಟೆ ಇದೆ ಅಂತ ಕೇಳೋಕೆ ಬರಲ್ಲ.

ಎರಡನೇ ದಿನ ಮಕ್ಕಳ ಕ್ಲಬ್ಬಿಗೆ ಮೊಮ್ಮಗಳನ್ನು ಕರೆತರೋಕೆ ಅಮ್ಮನೇ ಹೋದರು. ಮಗು ಅಜ್ಜಿಯನ್ನು ನೋಡಿ ಓಡಿ ಬಂತು. ಬಾಗಿಲಲ್ಲಿದ್ದ ಹುಡುಗಿ ಬಿಡಲಿಲ್ಲ. ಪಟ್ಟಿಯಲ್ಲಿ ಅಜ್ಜಿಯ ಹೆಸರಿಲ್ಲ. ಆ ಹುಡುಗಿ ಮಾಡಿದ್ದು ನೂರಕ್ಕೆ ನೂರು ಸರಿ. ಯಾರೋ ಬಂದು ನಾನು ಅಜ್ಜಿ ಅಂದರೆ ಮಗುವನ್ನು ಕೊಟ್ಟುಬಿಡೋಕಾಗುತ್ತಾ? ನಾವು ಹೋಗಿ ಒಂದು ಸಹಿ ಹಾಕಿದೆವು, ಸರಿಹೋಯಿತು. ಆದರೆ ಅಪ್ಪ ಅಮ್ಮನ ಹೆಸರು ತಾನಾಗೇ ಪಟ್ಟಿಯಲ್ಲಿ ಬಂದಿತ್ತು. ಅಜ್ಜಿಯದ್ದು ಬಂದಿರಲಿಲ್ಲ.

ಮೂರನೆಯದು ಕೇಳಿ. ಹಡಗು ಹೊರಡೋ ಮುಂಚೆ ಸುರಕ್ಷತಾ ಡ್ರಿಲ್ ಮಾಡಿಸ್ತಾರೆ. ಅಪಾಯ ಬಂದರೆ ಯಾರು ಎಲ್ಲಿ ಸೇರಬೇಕು ಅಂತ ಕಾರ್ಡಿನಲ್ಲೇ ಒಂದು ಅಕ್ಷರ ಇರುತ್ತೆ. ಅಸೆಂಬ್ಲಿ ಸ್ಟೇಷನ್ ಅಂತಾರೆ. ನಮ್ಮದು ಎಫ್, ಹಡಗಿನ ಹಿಂಭಾಗ. ಅಮ್ಮನದ್ದು ಬಿ, ಮುಂಭಾಗ, ಅದೂ ಇನ್ನೊಂದು ಮಗ್ಗುಲಲ್ಲಿ. ನಡುವೆ ಎರಡು ಫುಟ್‌ಬಾಲ್ ಮೈದಾನದಷ್ಟು ದೂರ. ಅಪಾಯದ ಹೊತ್ತಿನಲ್ಲಿ ಲಿಫ್ಟ್ ಬಳಸುವಂತಿಲ್ಲ, ಮೆಟ್ಟಿಲೇ ಗತಿ. ಅಮ್ಮನ ಮಂಡಿ ಹೇಗಿದೆ ಅಂತ ನಿಮ್ಮ ನಿಮ್ಮ ಅಮ್ಮಂದಿರನ್ನು ನೆನೆಸಿಕೊಂಡರೆ ಗೊತ್ತಾಗುತ್ತೆ.

ಅಲ್ಲಿದ್ದ ಅಧಿಕಾರಿಯನ್ನು ಕೇಳಿದೆ: "ಇವರು ನಮ್ಮ ತಾಯಿ, ನಮ್ಮ ಜೊತೆಗೇ ಇರಲಿ." ಅವರು ಮರ್ಯಾದೆಯಿಂದಲೇ ಹೇಳಿದರು: "ಸರ್, ಕಾರ್ಡಿನಲ್ಲಿ ಇರೋ ಜಾಗಕ್ಕೇ ಹೋಗಬೇಕು. ಅಲ್ಲಿ ತಲೆ ಎಣಿಸ್ತೀವಿ. ಒಬ್ಬರು ಕಡಿಮೆ ಬಂದರೆ ಹುಡುಕೋಕೆ ಜನ ಕಳಿಸಬೇಕಾಗುತ್ತೆ." ಅದೂ ಸರಿಯೇ. ನಾನು ಅಮ್ಮನನ್ನು ಬಿ ತನಕ ನಡೆಸಿಕೊಂಡು ಹೋಗಿ, ಒಂದು ಕುರ್ಚಿಯಲ್ಲಿ ಕೂರಿಸಿ, ಓಡಿ ಬಂದು ಎಫ್ ಸೇರಿದೆ. ಎಲ್ಲರೂ ನನಗೇ ಕಾಯ್ತಾ ಇದ್ದರು.

ಇದು ಬರೀ ವಿಧಿ ಮುಗಿಸೋ ಕೆಲಸ ಅಂತ ಅಂದುಕೊಳ್ಳಬೇಡಿ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿಯಿತು. ಹಡಗಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ. 32 ಜನ ಸತ್ತರು. ಅದೇ ಸಂಜೆ ಚಿವಿಟಾವೆಕ್ಕಿಯಾ ಬಂದರಿನಲ್ಲಿ ಹತ್ತಿದ ನೂರಾರು ಜನರಿಗೆ ಡ್ರಿಲ್ಲೇ ಆಗಿರಲಿಲ್ಲ. ಯಾಕೆ? ಆಗಿನ ನಿಯಮದಲ್ಲಿ ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕಿತ್ತು. ಮಾರನೇ ದಿನ ಮಾಡೋಣ ಅಂತ ಇಟ್ಟುಕೊಂಡಿದ್ದರು. ಆ 32 ಜನ ಸತ್ತ ಮೇಲೆ ನಿಯಮ ಬದಲಾಯಿತು. 2015ರ ಜನವರಿಯಿಂದ ಹಡಗು ಹೊರಡೋ ಮುಂಚೆ, ಇಲ್ಲವೇ ಹೊರಟ ತಕ್ಷಣ ಡ್ರಿಲ್ ಆಗಲೇಬೇಕು. ಸತ್ತವರಲ್ಲಿ ನಮ್ಮ ದೇಶದ ಒಬ್ಬ ವೇಟರ್ ಇದ್ದರು. ಕೊನೆಯದಾಗಿ ಸಿಕ್ಕ ದೇಹ ಅವರದ್ದೇ. ಅದು ಸಿಕ್ಕಿದ್ದು 2014ರ ನವೆಂಬರ್‌ನಲ್ಲಿ, ಅಪಘಾತವಾಗಿ ಮೂರು ವರ್ಷ ಆಗುತ್ತಾ ಬಂದಾಗ.

ಅಂಥ ರಾತ್ರಿ ಬಂದರೆ ಯಾವ ಮಗ ತಾಯಿಯನ್ನು ಬಿ ಸ್ಟೇಷನ್‌ನಲ್ಲಿ ಬಿಟ್ಟು ತಾನು ಎಫ್‌ನಲ್ಲಿ ಸಾಲು ನಿಲ್ತಾನೆ ಹೇಳಿ? ನಾನಂತೂ ನಿಲ್ಲಲ್ಲ. ನನ್ನ ಹಾಗೆ ಇನ್ನೂರು ಜನ ಜನಸಂದಣಿಗೆ ಎದುರಾಗಿ ಓಡಿದರೆ ಡ್ರಿಲ್ ಗತಿ ಏನು? ಕುಟುಂಬವನ್ನು ಒಡೆದು ನಿಲ್ಲಿಸೋದು ಭಾವನೆಯ ಪ್ರಶ್ನೆ ಅಷ್ಟೇ ಅಲ್ಲ, ಸುರಕ್ಷತೆಯ ಲೆಕ್ಕದಲ್ಲೂ ಅದು ತಪ್ಪು.

ಈ ಮೂರೂ ತೊಂದರೆ ಬೇರೆ ಬೇರೆ ಅಂತ ನನಗೆ ಮೊದಲು ಅನ್ನಿಸಿತ್ತು. ರಾತ್ರಿ ಡೆಕ್ ಮೇಲೆ ಕೂತು ಯೋಚಿಸಿದಾಗ ಗೊತ್ತಾಯ್ತು, ಇದು ಒಂದೇ ರೋಗ. ಆ ಕಂಪ್ಯೂಟರಿಗೆ ಕುಟುಂಬ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಕೋಣೆ. ದರ ಕೋಣೆಗೆ. ಊಟದ ಮೇಜು ಕೋಣೆಗೆ. ಮಗುವಿನ ಪಟ್ಟಿ ಕೋಣೆಗೆ. ಅಸೆಂಬ್ಲಿ ಸ್ಟೇಷನ್ ಕೋಣೆಗೆ. ಒಂದೇ ಕೋಣೆಯಲ್ಲಿ ಮಲಗಿದವರು ಕುಟುಂಬ, ಬೇರೆ ಕೋಣೆಯಲ್ಲಿ ಮಲಗಿದವರು ಪರಕೀಯರು. ನಮ್ಮೂರಿನ ರೇಷನ್ ಕಾರ್ಡ್ ನೋಡಿ. ಏನೇನೋ ತಪ್ಪಿರುತ್ತೆ, ಹೆಸರಿನ ಕಾಗುಣಿತ ತಪ್ಪಿರುತ್ತೆ, ಫೋಟೋ ಯಾರದ್ದು ಅಂತ ಗುರುತು ಸಿಗಲ್ಲ. ಆದರೆ ಅಜ್ಜಿ ಆ ಮನೆಯವರು ಅನ್ನೋದು ಅದಕ್ಕೆ ಗೊತ್ತು!

ಹಾಗಂತ ಈ ಹಡಗುಗಳಲ್ಲಿ ಎಲ್ಲವೂ ಹಾಳು ಅಂತ ನಾನು ಹೇಳ್ತಿಲ್ಲ. ಹಾಳಾಗಿದ್ದರೆ ನಮ್ಮಕ್ಕ ಹನ್ನೊಂದು ಸಲ ಯಾಕೆ ಹೋಗ್ತಿದ್ದಳು? ಕೆಲವರು ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ. ಡಿಸ್ನಿ ಹಡಗುಗಳಲ್ಲಿ ದಿನಕ್ಕೊಂದು ಊಟದ ಮನೆ ಬದಲಾಗುತ್ತೆ, ಆದರೆ ನಿಮ್ಮ ವೇಟರ್ ನಿಮ್ಮ ಜೊತೆಗೇ ಬರ್ತಾರೆ. ಮೊಟ್ಟೆ ಬೇಡ ಅಂತ ಒಂದು ದಿನ ಹೇಳಿದರೆ ಸಾಕು. ಬಹಾಮಾಸ್‌ನಲ್ಲಿ ಅವರ ದ್ವೀಪಕ್ಕೆ ಹಡಗು ನೇರವಾಗಿ ಹೋಗಿ ಕಟ್ಟೆಗೇ ತಾಗುತ್ತೆ. ಗ್ರ್ಯಾಂಡ್ ಕೇಮನ್‌ನಲ್ಲಿ ಆದರೆ ಅಲೆಯಲ್ಲಿ ಕುಣಿಯೋ ಚಿಕ್ಕ ದೋಣಿಗೆ ಇಳಿಯಬೇಕು. ವೀಲ್‌ಚೇರಿನಲ್ಲಿ ಕೂತವರಿಗೆ ಈ ಎರಡರ ನಡುವಿನ ವ್ಯತ್ಯಾಸ ಏನು ಅಂತ ಕೇಳಿ ನೋಡಿ.

ಅಕ್ಕನ ಪಟ್ಟಿಯೇ ಬೇರೆ ಇತ್ತು. ಇಂಟರ್‌ನೆಟ್ ದುಬಾರಿ. ಫೋಟೋ ಪ್ಯಾಕೇಜ್ ಲೂಟಿ. ಬೆಳಗ್ಗೆ ಆರಕ್ಕೇ ಎದ್ದು ಬಂದು ಈಜುಕೊಳದ ಕುರ್ಚಿಗಳ ಮೇಲೆ ಟವೆಲ್ ಹಾಸಿ ಹೋಗಿ, ಹನ್ನೊಂದಕ್ಕೆ ಬರೋ ಜನ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕ್ತೀವಲ್ಲ, ಅದೇ ಬುದ್ಧಿ, ಡಾಲರಿನಲ್ಲಿ. ಇವೆಲ್ಲ ನಿಜ. ಆದರೆ ಇವನ್ನೆಲ್ಲ ಬರೆಯೋರು ಸಾವಿರ ಜನ ಇದ್ದಾರೆ.

ಬರೆದರೆ ಏನಾದರೂ ಬದಲಾಗುತ್ತಾ? ಆಗಿದೆ. ಹಡಗಿನ ಈಜುಕೊಳಗಳಲ್ಲಿ ಬಹಳ ಕಾಲ ಲೈಫ್‌ಗಾರ್ಡ್‌ಗಳೇ ಇರಲಿಲ್ಲ. ನಿಮ್ಮ ಮಗು, ನಿಮ್ಮ ಜವಾಬ್ದಾರಿ ಅಂತ ಒಂದು ಬೋರ್ಡು, ಅಷ್ಟೆ. 2013ರಲ್ಲಿ ಡಿಸ್ನಿ ಹಡಗೊಂದರ ಕೊಳದಲ್ಲಿ ನಾಲ್ಕು ವರ್ಷದ ಮಗು ಮುಳುಗಿ ಜೀವಕ್ಕೆ ಕುತ್ತು ಬಂದ ಮೇಲೆ ಆ ಕಂಪನಿ ಲೈಫ್‌ಗಾರ್ಡ್‌ಗಳನ್ನು ಇಟ್ಟಿತು. ರಾಯಲ್ ಕೆರಿಬಿಯನ್‌ಗೆ 2017 ಆಗಬೇಕಾಯಿತು. ಇನ್ನೊಂದು ಕಥೆ ಅಮೆರಿಕದ ಸುಪ್ರೀಂ ಕೋರ್ಟಿನದ್ದು. ಅಂಗವಿಕಲರ ಹಕ್ಕಿನ ಕಾನೂನು ನಮಗೆ ಅನ್ವಯಿಸಲ್ಲ, ನಮ್ಮ ಹಡಗಿನ ಮೇಲೆ ಹಾರೋದು ಬಹಾಮಾಸ್ ಬಾವುಟ ಅಂತ ನಾರ್ವೇಜಿಯನ್ ಕಂಪನಿ ವಾದಿಸಿತು. ಹತ್ತೋದು ಅಮೆರಿಕದಲ್ಲಿ, ಇಳಿಯೋದು ಅಮೆರಿಕದಲ್ಲಿ, ಬಾವುಟ ಮಾತ್ರ ಬಹಾಮಾಸಿನದ್ದು! ವೀಲ್‌ಚೇರಿನ ಪ್ರಯಾಣಿಕರು ಬಿಡಲಿಲ್ಲ. 2005ರಲ್ಲಿ ಕೋರ್ಟ್ ಹೇಳಿತು: ಅಮೆರಿಕದ ನೀರಿನಲ್ಲಿ ಇರೋ ತನಕ ಈ ಕಾನೂನು ವಿದೇಶಿ ಬಾವುಟದ ಹಡಗಿಗೂ ಅನ್ವಯಿಸುತ್ತೆ, ಕೆಲವು ಮಿತಿಗಳೊಂದಿಗೆ. ಬಿಡದೆ ಕೇಳಿದವರಿಗೆ ಸಿಕ್ಕಿದೆ.

ಈಗ ಮತ್ತೆ ಅಮ್ಮನ ಊಟಕ್ಕೆ ಬರ್ತೀನಿ. ಮೊದಲ ಸಂಜೆ ಐದೂಮುಕ್ಕಾಲಕ್ಕೆ ನಾವು ಒಂಬತ್ತೂ ಜನ ಹೋಗಿ ನಿಂತೆವು. ಎಂಟು ಕುರ್ಚಿಯ ಮೇಜು. ನಮ್ಮ ಮೇಜಿನ ವೇಟರ್ ಬಂದ. ನಾವು ನಮ್ಮ ನಮ್ಮಲ್ಲಿ ಕನ್ನಡದಲ್ಲಿ ಚಡಪಡಿಸೋದು ಕೇಳಿಸಿಕೊಂಡು ನಕ್ಕ. "ಅಮ್ಮ, ನೀವು ಇಲ್ಲೇ ಕೂತ್ಕೊಳ್ಳಿ, ಕುರ್ಚಿ ನಾನು ತರ್ತೇನೆ" ಅಂದ. ಬ್ರಹ್ಮಾವರದ ಕಡೆಯ ಹುಡುಗ! ಹೆಡ್ ವೇಟರ್ ಹತ್ತಿರ ಹೋಗಿ ಏನೋ ಮಾತಾಡಿದ, ಒಂದು ಕುರ್ಚಿ ತಂದು ಸಂದಿಯಲ್ಲಿ ಸೇರಿಸಿದ. ಕಂಪನಿಯ ಸಾಫ್ಟ್‌ವೇರ್ ಎರಡು ತಿಂಗಳಲ್ಲಿ ಮಾಡದ ಕೆಲಸವನ್ನು ಎರಡು ನಿಮಿಷದಲ್ಲಿ ಮಾಡಿದ. ಮಾರನೇ ದಿನದಿಂದ ಅಮ್ಮನಿಗೆ ಅನ್ನ ಸಾರು ಬರ್ತಿತ್ತು. ಅಡುಗೆಮನೆಯಲ್ಲಿ ಯಾರಿಗೆ ಹೇಳಿ ಮಾಡಿಸ್ತಿದ್ದನೋ.

ಅಮ್ಮ ಅವನ ಪೂರ್ವಾಪರ ಎಲ್ಲಾ ವಿಚಾರಿಸಿದರು. ಎಂಟು ತಿಂಗಳು ಹಡಗು, ಎರಡು ತಿಂಗಳು ಮನೆ. ಮಗಳು ಹುಟ್ಟಿದಾಗ ಅವನು ಸಮುದ್ರದ ನಡುವೆ ಇದ್ದ. ಅವಳಿಗೀಗ ಒಂದೂವರೆ ವರ್ಷ. ಅವಳ ಜೊತೆ ಅವನು ಇದ್ದದ್ದು ಎಲ್ಲಾ ಸೇರಿ ನಾಲ್ಕು ತಿಂಗಳು. ನಾವಿಕರ ಕೆಲಸಕ್ಕೆ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, 2013ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ ಕೊಡಬೇಕು. ಅಂದರೆ 14 ಗಂಟೆ ದುಡಿಸಿದರೂ ಕಾನೂನು ಮುರಿದ ಹಾಗಲ್ಲ. ಕುಟುಂಬಗಳನ್ನು ಖುಷಿಯಾಗಿಡೋ ಹಡಗು, ಅದನ್ನು ನಡೆಸೋರ ಕುಟುಂಬ ಫೋನಿನೊಳಗೆ.

ಕೊನೆಯ ರಾತ್ರಿ ಅವನು ನನ್ನನ್ನು ಪಕ್ಕಕ್ಕೆ ಕರೆದ. "ಸರ್, ನಿಮಗೆ ಒಂದು ಫಾರ್ಮ್ ಬರ್ತದೆ. ನನ್ನ ಹೆಸರು ಬರೀರಿ. ಹತ್ತಕ್ಕೆ ಹತ್ತು ಕೊಡಿ ಸರ್. ಒಂಬತ್ತು ಕೊಟ್ರೂ ಮೇಲಿನವರು ಯಾಕೆ ಅಂತ ಕೇಳ್ತಾರೆ."

ನನಗೆ ಆಗ ಅರ್ಥ ಆಗಿರಲಿಲ್ಲ. ಹೋದ ವಾರ ಆ ಪ್ರಶ್ನಾವಳಿ ತೆರೆದು ಕೂತಾಗ ಅರ್ಥ ಆಯ್ತು. ಊಟದ ವ್ಯವಸ್ಥೆ ಹೇಗಿತ್ತು? ನಾನು ನಾಲ್ಕು ಕೊಡಬೇಕು, ಅಮ್ಮನ್ನ ಬೇರೆ ಮೇಜಿಗೆ ಹಾಕಿದ್ದಕ್ಕೆ. ಆದರೆ ಆ ನಾಲ್ಕು ಹೋಗಿ ಬೀಳೋದು ಯಾರ ತಲೆ ಮೇಲೆ? ಸಾಫ್ಟ್‌ವೇರ್ ಬರೆದವನ ಮೇಲಲ್ಲ. ದರ ನಿಗದಿ ಮಾಡಿದವರ ಮೇಲಲ್ಲ. ಬ್ರಹ್ಮಾವರದ ಹುಡುಗನ ಮೇಲೆ. ಹಾಗಾಗಿ ನಾನು ಹತ್ತು ಕೊಟ್ಟೆ. ನನ್ನ ಹಾಗೆ ಸಾವಿರಾರು ಜನ ತಮ್ಮ ತಮ್ಮ ವೇಟರನ್ನು ನೆನೆಸಿಕೊಂಡು ಹತ್ತು ಕೊಟ್ಟಿರ್ತಾರೆ. ಕಂಪನಿಯವರು ಅದನ್ನು ನೋಡಿ, ಆಹಾ, ಪ್ರಯಾಣಿಕರು ಎಷ್ಟು ಸಂತೋಷವಾಗಿದ್ದಾರೆ ಅಂದುಕೊಳ್ತಾರೆ. ಹನ್ನೊಂದು ಸಲ ಹೋದ ಅಕ್ಕ ಹನ್ನೊಂದು ಸಲವೂ ಹತ್ತೇ ಕೊಟ್ಟಿದ್ದಾಳೆ. ಇನ್ನೆಲ್ಲಿಂದ ತಿದ್ದಿಕೊಳ್ತಾರೆ ಹೇಳಿ?

ಅದಕ್ಕೆ ಆ 500 ಅಕ್ಷರದ ಚೌಕದಲ್ಲಿ ನಾನು ಬರೆದ ಮೊದಲ ಸಾಲೇ ಇದು: ಸಿಬ್ಬಂದಿಯ ಅಂಕ ಬೇರೆ ಮಾಡಿ, ವ್ಯವಸ್ಥೆಯ ಅಂಕ ಬೇರೆ ಮಾಡಿ. ಆಮೇಲೆ ಬರೆದೆ: ಒಂದೇ ಕುಟುಂಬ ಅಂತ ಬುಕ್ ಮಾಡುವಾಗಲೇ ಕೇಳಿ, ಎಷ್ಟು ಕೋಣೆ ಆದರೂ ಆಗಲಿ, ಒಂದೇ ಅಸೆಂಬ್ಲಿ ಸ್ಟೇಷನ್ ಕೊಡಿ. ಒಂದೇ ಮೇಜು ಕೊಡಿ. ತಲೆಗಳನ್ನು ಕುಟುಂಬಕ್ಕೆ ಎಣಿಸಿ, ಕೋಣೆಗೆ ಎಣಿಸಬೇಡಿ. ಹಾಗೆ ಎಣಿಸಿದ ಮೇಲೂ ಕಡಿಮೆ ಬಿದ್ದರೆ ದಂಡ ಹಾಕಿ, ಬೇಡ ಅನ್ನಲ್ಲ. ಅಷ್ಟರಲ್ಲಿ 500 ಮುಗಿದುಹೋಯಿತು. ವೇಟರ್ ಹುಡುಗನ ಸಾರಿನ ವಿಷಯ ಬರೆಯೋಕೆ ಜಾಗ ಉಳಿಯಲಿಲ್ಲ. ಅವನ ಹೆಸರು ಮಾತ್ರ ಬೇರೆ ಚೌಕದಲ್ಲಿ ಬರೆದೆ.

ಮೊನ್ನೆ ಅಮ್ಮನ ಹೆಸರಿಗೇ ಒಂದು ಈಮೇಲ್ ಬಂದಿದೆ, ಅದೇ ಕಂಪನಿಯಿಂದ. ಮುಂದಿನ ಬೇಸಿಗೆಯ ಪ್ರವಾಸಕ್ಕೆ ವಿಶೇಷ ರಿಯಾಯಿತಿ. ಕೆಳಗೆ ಸಣ್ಣ ಅಕ್ಷರದಲ್ಲಿ, ದರ ಒಬ್ಬರಿಗೆ, ಒಂದು ಕೋಣೆಯಲ್ಲಿ ಇಬ್ಬರಂತೆ. ನಾನು ಪೂರ್ತಿ ಓದಿ ಹೇಳಿದೆ. ಅಮ್ಮ ಕೇಳಿಸಿಕೊಂಡು, "ಬೇಸಿಗೆಗೆ ಆ ಹುಡುಗ ಊರಲ್ಲಿ ಇರ್ತಾನೇನೋ, ಕೇಳು. ಇದ್ರೆ ಬ್ರಹ್ಮಾವರಕ್ಕೇ ಹೋಗಿ ಮಗೂನ ನೋಡ್ಕೊಂಡು ಬರೋಣ" ಅಂದರು.